ಅಜ್ಜನ ಶೆಡ್ ಸೀರೀಸ್: ಹಳೇ ಕಾರಿಗೆ ರೇಟ್ ಎಷ್ಟು?

1/10

ಕಳೆದ ವಾರ ಹಾಕಿದ ಫಿಯಟ್ ಫೋಟೋಗೆ ಬಂದ ಮೆಸೇಜ್‌ಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ: "ರೇಟ್ ಎಷ್ಟು?" ಉಳಿದ ಕಾಲು ಪಾಲು: "ಕೊಡ್ತೀರಾ?" ಕ್ಲಾಸಿನವರಂತೂ "ನೀನು ಬಿಕಾಂ ಅಲ್ವಾ, ನೀನೇ ಲೆಕ್ಕ ಹಾಕಿ ಹೇಳು" ಅಂತ ಕಾಲೆಳೆದ್ರು. ಸರಿ ಮಾರ್ರೆ, ಹಾಕಿದ್ದೇನೆ. ಆದರೆ ಉತ್ತರ ಒಂದು ನಂಬರಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಹತ್ತು ಪೋಸ್ಟ್. ಓದುವಷ್ಟು ಪುರುಸೊತ್ತು ಇಲ್ಲದವರು ಸೇವ್ ಮಾಡಿಟ್ಟುಕೊಳ್ಳಿ, ಬಸ್ಸಲ್ಲಿ ಓದಿ.

ವಿಷಯ ಇಷ್ಟು. ಸಿದ್ದಕಟ್ಟೆ ಹತ್ತಿರ ನನ್ನ ಅಮ್ಮನ ಅಪ್ಪನಿಗೆ ಒಂದು ಶೆಡ್ ಉಂಟು. ಅಜ್ಜ ಮೊದಲು ಬಂಟ್ವಾಳದಲ್ಲಿ ಬಾಡಿಗೆ ಕಾರು ಓಡಿಸ್ತಿದ್ರು, ಆಮೇಲೆ ಮೂವತ್ತು ವರ್ಷ ಗ್ಯಾರೇಜ್. ಶೆಡ್ಡಲ್ಲಿ ನಾಲ್ಕು ಕಾರು, ಒಂದು ಜೀಪು, ಎರಡು ಸ್ಕೂಟರ್. ಒಟ್ಟು ಏಳು. ಈ ವರ್ಷ ಅಜ್ಜನಿಗೆ 79. ಕಣ್ಣಿನ ಆಪರೇಷನ್ ಆಗಿದೆ, ಕ್ಲಚ್ ಒತ್ತಲಿಕ್ಕೆ ಮೊಣಕಾಲು ಕೇಳುವುದಿಲ್ಲ. ಶೆಡ್ ಇರುವ ಜಾಗದಲ್ಲಿ ಮಾವನಿಗೆ ಮನೆ ಕಟ್ಟಬೇಕು. ಹಾಗಾಗಿ ಮಳೆಗಾಲ ಶುರುವಾಗುವ ಮೊದಲು ಏಳನ್ನೂ ಕಳಿಸಬೇಕು ಅಂತ ಮನೆಯಲ್ಲಿ ತೀರ್ಮಾನ ಆಯ್ತು.

ಕಳಿಸಬೇಕು ಅಂತ ಹೇಳೋದು ಸುಲಭ. ಎಲ್ಲಿಗೆ? ಯಾರಿಗೆ? ಯಾವ ಕ್ರಮದಲ್ಲಿ? ಇದನ್ನೆಲ್ಲ ಹುಡುಕಿಕೊಂಡು ಹೋದಾಗ ನನಗೆ ಗೊತ್ತಾದ ಮೊದಲ ವಿಷಯ: ಏಳು ಗಾಡಿ ಇರುವವರಿಗೂ ಐನೂರು ಕಾರು ಇರುವವರಿಗೂ ಕೊನೆಗೆ ಬರುವ ತಲೆಬಿಸಿ ಒಂದೇ. ಕೂಡಿಡಲಿಕ್ಕೆ ಇಡೀ ಜೀವಮಾನ ಸಿಗ್ತದೆ. ಬಿಟ್ಟುಕೊಡಲಿಕ್ಕೆ ಸಿಗುವುದು ಕೆಲವು ತಿಂಗಳು. ಕೆಲವರಿಗೆ ಅದೂ ಸಿಗುವುದಿಲ್ಲ.

ಅಜ್ಜನ ಕಥೆ ಕೊನೆಯ ಎರಡು ಪೋಸ್ಟಲ್ಲಿ ಬರ್ತದೆ. ಮೊದಲು ದೊಡ್ಡವರ ಕಥೆ.

2/10

ನಮ್ಮ ಕಡೆ ಹಳೇ ಕಾರು ಅಂದ್ರೆ ಮೊದಲು ಬಾಯಿಗೆ ಬರೋದು ಧರ್ಮಸ್ಥಳ. ಬಿ.ಸಿ.ರೋಡಲ್ಲಿ ಬಸ್ ಹತ್ತಿದ್ರೆ ಪುಂಜಾಲಕಟ್ಟೆ, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ ದಾಟಿ ಧರ್ಮಸ್ಥಳ. ಪ್ರೈಮರಿ ಸ್ಕೂಲ್ ಟೂರಲ್ಲಿ ನಾವೆಲ್ಲ ಸಾಲಾಗಿ ನಿಂತು ನೋಡಿದ್ದೇವಲ್ಲ, ಅದೇ ಕಾರ್ ಮ್ಯೂಸಿಯಂ. ಆಗ ನಮಗೆ ಕಾರಿಗಿಂತ ಹೊರಗಿನ ಐಸ್‌ಕ್ರೀಂ ಮುಖ್ಯ ಆಗಿತ್ತು. ಈ ಸಲ ಇದಕ್ಕೆಂದೇ ಹೋಗಿ ಬಂದೆ.

ಆ ಸಂಗ್ರಹ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದದ್ದು. ಅವರು ಹುಟ್ಟಿದ್ದು 1948ರ ನವೆಂಬರ್ 25ಕ್ಕೆ. ಧರ್ಮಾಧಿಕಾರಿ ಆದದ್ದು 1968ರ ಅಕ್ಟೋಬರ್ 24ಕ್ಕೆ. ಲೆಕ್ಕ ಹಾಕಿ: ಇಪ್ಪತ್ತು ತುಂಬಲಿಕ್ಕೆ ಒಂದು ತಿಂಗಳು ಬಾಕಿ. ನನ್ನ ವಯಸ್ಸು, ನಿಮ್ಮ ವಯಸ್ಸು. ಕಾರು ಮಾತ್ರ ಅಲ್ಲ, ದೇವಸ್ಥಾನದ ಎದುರಿನ ಮಂಜೂಷಾ ಮ್ಯೂಸಿಯಂ ಒಳಗೆ ಹೋದ್ರೆ ಕ್ಯಾಮೆರಾ, ವಿಗ್ರಹ, ತಾಳೆಗರಿ, ಮನೆಬಳಕೆ ಸಾಮಾನು ಅಂತ ನೋಡಿ ಮುಗಿಯುವುದಿಲ್ಲ.

ಕಾರುಗಳ ನಡುವೆ ಎಲ್ಲರೂ ಹುಡುಕುವುದು ಒಂದನ್ನು. ಗಾಂಧೀಜಿ ಕರ್ನಾಟಕದ ಪ್ರವಾಸದಲ್ಲಿ ಓಡಾಡಿದ್ದು ಅಂತ ಪ್ರಸಿದ್ಧವಾದ ಸ್ಟುಡಿಬೇಕರ್ ಪ್ರೆಸಿಡೆಂಟ್. ಸ್ಟುಡಿಬೇಕರ್ ಕಂಪನಿ ಕಾರು ಮಾಡುವುದನ್ನು 1966ರಲ್ಲೇ ನಿಲ್ಲಿಸಿತು. ಕಬ್ಬಿಣ, ರಬ್ಬರ್, ಲೆದರ್ ಲೆಕ್ಕ ಹಾಕಿದ್ರೆ ಅದು ಆ ಕಾಲದ ಬೇರೆ ಕಾರುಗಳ ಹಾಗೇ ಒಂದು ಕಾರು. ಆದರೆ ಅದರ ಎದುರಿಗೆ ಬಂದಾಗ ಎಲ್ಲರ ಕಾಲು ನಿಲ್ತದೆ. ನಿಲ್ಲಿಸೋದು ಇಂಜಿನ್ ಅಲ್ಲ, ಅದರ ಜಾತಕ. ಈ "ಜಾತಕ" ಅನ್ನೋ ಪದ ನೆನಪಿಟ್ಟುಕೊಳ್ಳಿ, ಇಡೀ ಸೀರೀಸಿಗೆ ಬೇಕು.

ಈಗ ಹೆಗ್ಗಡೆಯವರ ಸಂಗ್ರಹದ ಕಾರುಗಳಿಗೆ ಇನ್ನೊಂದು ಮನೆಯೂ ಆಗಿದೆ: ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಶ್ರೀರಂಗಪಟ್ಟಣದ ಹತ್ತಿರದ "ಪಯಣ" ಮ್ಯೂಸಿಯಂ. ಊರಿನ ಕಾರು ಘಟ್ಟ ಹತ್ತಿತು ಅಂತ ನನಗೆ ಸಣ್ಣ ಬೇಸರ ಇತ್ತು. ಆದ್ರೆ ಯೋಚಿಸಿದ್ರೆ ಇದೂ ಒಂದು ಬಿಟ್ಟುಕೊಡುವಿಕೆಯೇ. ಮಾರಲಿಲ್ಲ, ಹಂಚಲಿಲ್ಲ. ಒಬ್ಬರ ಕಣ್ಣಿಗೆ ಬೀಳ್ತಿದ್ದದ್ದು ಟಿಕೆಟ್ ತಗೊಂಡ ಯಾರ ಕಣ್ಣಿಗೂ ಬೀಳ್ತದೆ.

3/10

ಒಂದು ಪ್ರಶ್ನೆ: ಇಷ್ಟೊಂದು ಹಳೇ ವಿದೇಶಿ ಕಾರು ನಮ್ಮ ದೇಶದಲ್ಲಿ ಎಲ್ಲಿಂದ ಬಂತು?

ದೊಡ್ಡ ಪಾಲು ಅರಮನೆಗಳಿಂದ. ರೋಲ್ಸ್ ರಾಯ್ಸ್, ಡೈಮ್ಲರ್, ಬ್ಯೂಕ್, ಪ್ಯಾಕಾರ್ಡ್, ಹೀಗೆ ರಾಜ ಮಹಾರಾಜರು ತರಿಸಿಕೊಂಡ ಕಾರುಗಳು. ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನಗಳು ವಿಲೀನ ಆದವು. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ಬಂದು ರಾಜಧನ ರದ್ದಾಯ್ತು. ಅರಮನೆ ಸಾಕಲಿಕ್ಕೇ ಕಷ್ಟ, ಇನ್ನು ಕಾರು ಯಾರು ಸಾಕ್ತಾರೆ? ಪೆಟ್ರೋಲು ಕುಡಿಯುವ ಆನೆಗಳು ಅವು. ಕೆಲವು ಮಾರಾಟ ಆದವು, ಕೆಲವು ಡ್ರೈವರ್‌ಗೋ ಮೆಕ್ಯಾನಿಕ್‌ಗೋ ಸಂಬಳದ ಬದಲು ಹೋದವು, ಕೆಲವು ಕೊಟ್ಟಿಗೆಯಲ್ಲಿ ಕೋಳಿಗೂಡಾದವು. ಎಷ್ಟೋ ಒಳ್ಳೆ ಕಾರು ಹೊರದೇಶಕ್ಕೆ ಹೋದವು. ಆಮೇಲೆ ಸರ್ಕಾರ ಎಚ್ಚೆತ್ತುಕೊಂಡಿತು. 1950ಕ್ಕಿಂತ ಮೊದಲಿನ ವಿಂಟೇಜ್ ಕಾರನ್ನು ಸುಮ್ಮನೆ ಹೊರಗೆ ಸಾಗಿಸುವ ಹಾಗಿಲ್ಲ, ರಫ್ತಿಗೆ ನಿರ್ಬಂಧ ಉಂಟು.

ಆ ಹೊತ್ತಿಗೆ ಇಂಥದ್ದನ್ನು ಕಡಿಮೆ ರೇಟಿಗೆ ಹಿಡಿದು, ರಿಪೇರಿ ಮಾಡಿಸಿ, ಮಳೆಗೆ ನೆನೆಯದ ಹಾಗೆ ಇಟ್ಟವರೇ ಇವತ್ತಿನ ಹಿರಿಯ ಸಂಗ್ರಾಹಕರು. ಅಂದ್ರೆ ನೋಡಿ, ಒಬ್ಬರ ಸಂಗ್ರಹ ಶುರುವಾಗೋದೇ ಇನ್ನೊಬ್ಬರು ಬಿಟ್ಟುಕೊಟ್ಟಲ್ಲಿ. ಅಕೌಂಟೆನ್ಸಿ ಭಾಷೆಯಲ್ಲಿ ಹೇಳೋದಾದ್ರೆ ಒಂದು ಕಡೆ ಕ್ರೆಡಿಟ್ ಆಗದೆ ಇನ್ನೊಂದು ಕಡೆ ಡೆಬಿಟ್ ಆಗೋದಿಲ್ಲ.

ಈಗ ಆ ತಲೆಮಾರಿಗೆ ಎಪ್ಪತ್ತು, ಎಂಬತ್ತು ವಯಸ್ಸು. ಮಕ್ಕಳು ಬೆಂಗಳೂರಲ್ಲಿ, ದುಬೈಯಲ್ಲಿ, ಕೆನಡಾದಲ್ಲಿ. ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಒಂದೇ ಕಾರಿಗೆ ಜಾಗ. ಹಾಗಾಗಿ ಪ್ರಪಂಚದ ಎಲ್ಲ ಕಡೆ ಈಗ ಇದೇ ಪ್ರಶ್ನೆ ಎದ್ದಿದೆ.

4/10

ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ಪಿಯರ್ಸ್ ಅಂತ ಒಂದು ಪುಟ್ಟ ಊರು. ಅಲ್ಲಿ ರೇ ಲ್ಯಾಂಬ್ರೆಕ್ಟ್ ಅನ್ನುವವರು 1946ರಿಂದ ಷೆವರ್ಲೆ ಡೀಲರ್. ಅವರದ್ದು ಒಂದು ವಿಚಿತ್ರ ಅಭ್ಯಾಸ. ಆ ವರ್ಷ ಮಾರಾಟ ಆಗದ ಹೊಸ ಕಾರನ್ನು ರೇಟ್ ಇಳಿಸಿ ತಳ್ಳುವ ಬದಲು ಹಾಗೇ ಇಟ್ಟುಬಿಡೋದು. ಎಕ್ಸ್‌ಚೇಂಜಿಗೆ ಬಂದ ಹಳೇ ಕಾರನ್ನು ಹೊಲದಲ್ಲಿ ನಿಲ್ಲಿಸೋದು. 1996ರಲ್ಲಿ ಅಂಗಡಿ ಮುಚ್ಚುವ ಹೊತ್ತಿಗೆ ಸುಮಾರು 500 ಗಾಡಿ. ಹೊಲದಲ್ಲಿದ್ದವುಗಳ ಮಧ್ಯದಿಂದ ಮರಗಳೇ ಎದ್ದಿದ್ದವು.

ವಯಸ್ಸಾದ ಮೇಲೆ ಕುಟುಂಬ ಹರಾಜು ಹಾಕಿತು. 2013ರ ಸೆಪ್ಟೆಂಬರ್ 28 ಮತ್ತು 29. ಆ ಸಣ್ಣ ಊರಿಗೆ ಸಾವಿರ ಸಾವಿರ ಜನ ಬಂದರು. ಟಿವಿಯಲ್ಲಿ ಲೈವ್. ನಮ್ಮ ಕಂಬಳಕ್ಕೆ ಜನ ಸೇರುವ ಹಾಗೆ ಅಂದುಕೊಳ್ಳಿ. 1958ರ ಒಂದು ಷೆವರ್ಲೆ ಕ್ಯಾಮಿಯೋ ಪಿಕಪ್, ಮೀಟರಲ್ಲಿ ಬರೀ 1.3 ಮೈಲಿ. ಅಂದ್ರೆ ಓಡಿದ್ದು ಎರಡು ಕಿಲೋಮೀಟರ್ ಚಿಲ್ಲರೆ ಅಷ್ಟೇ. ಅದು 1,40,000 ಡಾಲರಿಗೆ ಹೋಯಿತು. ಧೂಳು ಕೂಡ ಒರೆಸಿರಲಿಲ್ಲ ಮಾರ್ರೆ. ಧೂಳು ಇದ್ದದ್ದಕ್ಕೇ ಆ ರೇಟು, ಯಾರೂ ಮುಟ್ಟಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ.

ಎರಡು ದಿನದಲ್ಲಿ ಐವತ್ತು ವರ್ಷದ ಕೂಡಿಕೆ ದಿಕ್ಕಾಪಾಲು.

ನೆದರ್‌ಲ್ಯಾಂಡ್ಸಿನದ್ದು ಇನ್ನೊಂದು ಕಥೆ. ಟಾನ್ ಪಾಲ್ಮೆನ್ ಅನ್ನುವ ಸಂಗ್ರಾಹಕ ಒಂದು ಲ್ಯಾನ್ಸಿಯಾದಿಂದ ಶುರು ಮಾಡಿ ನಲವತ್ತು ವರ್ಷದಲ್ಲಿ 230 ಕಾರು ಸೇರಿಸಿದ್ದರು. ಇಟ್ಟದ್ದು ಡಾರ್ಡ್ರೆಕ್ಟ್ ಊರಿನ ಒಂದು ಹಳೇ ಚರ್ಚಿನಲ್ಲಿ ಮತ್ತು ಗೋಡೌನುಗಳಲ್ಲಿ, ಹೆಚ್ಚಿನವರಿಗೆ ಗೊತ್ತೇ ಇಲ್ಲದ ಹಾಗೆ. ಆಗಾಗ ಇಂಜಿನ್ ಸ್ಟಾರ್ಟ್ ಮಾಡಿ ಜೀವ ಉಳಿಸ್ತಿದ್ದರಂತೆ. ಆರೋಗ್ಯ ಕೈಕೊಟ್ಟ ಮೇಲೆ 2023ರಲ್ಲಿ ಎಲ್ಲವೂ ಹರಾಜು.

ಹರಾಜು ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಇಷ್ಟಪಟ್ಟು ದುಡ್ಡು ಕೊಟ್ಟವನು ಕಾರನ್ನು ಚೆನ್ನಾಗೇ ನೋಡಿಕೊಳ್ಳಬಹುದು. ಕಾರುಗಳು ಉಳೀತವೆ. ಆದ್ರೆ "ಇದು ಇದರ ಪಕ್ಕದಲ್ಲಿ ಯಾಕಿತ್ತು" ಅನ್ನುವ ವಿಷಯ ಉಳಿಯುವುದಿಲ್ಲ. ಅದು ಕೂಡಿಟ್ಟವನ ತಲೆಯಲ್ಲಿ ಮಾತ್ರ ಇರ್ತದೆ.

5/10

ಇದು ನನಗೆ ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿದ ಕೇಸ್. ಕಾಮರ್ಸ್‌ನವರು ಓದಲೇಬೇಕು.

ಫ್ರಾನ್ಸಿನ ಮುಲೂಸ್ ಊರಲ್ಲಿ ಹ್ಯಾನ್ಸ್ ಮತ್ತು ಫ್ರಿಟ್ಜ್ ಷ್ಲುಂಫ್ ಅಂತ ಅಣ್ಣತಮ್ಮಂದಿರು. ಬಟ್ಟೆ ಗಿರಣಿ ಮಾಲೀಕರು. ಫ್ರಿಟ್ಜ್‌ಗೆ ಬುಗಾಟಿ ಹುಚ್ಚು. 1960ರ ದಶಕದಲ್ಲಿ ಸಿಕ್ಕಿದ ಕಡೆಯಿಂದೆಲ್ಲ ಖರೀದಿ. ಅಮೆರಿಕದ ಒಬ್ಬ ಸಂಗ್ರಾಹಕನಿಂದ ಒಂದೇ ಸಲಕ್ಕೆ 30 ಬುಗಾಟಿ ತರಿಸಿದ್ದೂ ಉಂಟು. ಗಿರಣಿಯ ಒಂದು ಕಟ್ಟಡದ ಒಳಗೆ ಗುಟ್ಟಾಗಿ ಮ್ಯೂಸಿಯಂ ಕಟ್ಟಿದರು, ಅಮ್ಮನ ಹೆಸರಲ್ಲಿ.

ಇತ್ತ ಬಟ್ಟೆ ವ್ಯಾಪಾರ ಬಿತ್ತು. ಕೂಲಿ ಕೊಡಲಿಕ್ಕೆ ದುಡ್ಡಿಲ್ಲ ಅಂದರು. ಕಾರ್ಮಿಕರು ಮುಷ್ಕರಕ್ಕೆ ಇಳಿದಾಗ ಅಣ್ಣತಮ್ಮ ಸ್ವಿಟ್ಜರ್ಲೆಂಡಿಗೆ ಓಡಿದರು. 1977ರ ಮಾರ್ಚಲ್ಲಿ ಕಾರ್ಮಿಕರು ಆ ಕಟ್ಟಡಕ್ಕೆ ನುಗ್ಗಿ ನೋಡ್ತಾರೆ, ಒಳಗೆ 400ಕ್ಕಿಂತ ಹೆಚ್ಚು ಕಾರು! ಅದರಲ್ಲಿ ನೂರಕ್ಕೂ ಮಿಕ್ಕಿ ಬುಗಾಟಿ. ಸಾಲು ಸಾಲು ದೀಪದ ಕಂಬ, ನೆಲ ಫಳಫಳ.

ನೀವು ಅವರ ಜಾಗದಲ್ಲಿ ಇದ್ದಿದ್ರೆ ಎಂತ ಮಾಡ್ತಿದ್ರಿ? ನಾನಾಗಿದ್ರೆ ಒಂದೆರಡು ಗಾಜು ಒಡೀತಿದ್ದೆ ಅಂತ ಕಾಣ್ತದೆ. ಅವರು ಸಿಟ್ಟಿಗೆ ಒಂದು ಸಣ್ಣ ಆಸ್ಟಿನ್ ಕಾರು ಸುಟ್ಟರು, ನಿಜ. ಆದರೆ ಉಳಿದದ್ದನ್ನು ಸುಡಲಿಲ್ಲ, ಮಾರಿ ಹಂಚಿಕೊಳ್ಳಲೂ ಇಲ್ಲ. ಕಟ್ಟಡಕ್ಕೆ ಕಾರ್ಮಿಕರ ಹೆಸರಿಟ್ಟು, ಎರಡು ವರ್ಷ ಕಾವಲು ಕೂತು, ಜನರನ್ನು ಒಳಗೆ ಬಿಟ್ಟು ತೋರಿಸಿದರು. 1978ರಲ್ಲಿ ಸರ್ಕಾರ ಆ ಸಂಗ್ರಹವನ್ನು ಚಾರಿತ್ರಿಕ ಸ್ಮಾರಕ ಅಂತ ಘೋಷಿಸಿತು, ಹಾಗಾಗಿ ಬಿಡಿಬಿಡಿಯಾಗಿ ಹೊರದೇಶಕ್ಕೆ ಹೋಗುವುದು ತಪ್ಪಿತು. 1982ರಲ್ಲಿ ಅದು ರಾಷ್ಟ್ರೀಯ ಮ್ಯೂಸಿಯಂ ಆಗಿ ತೆರೆಯಿತು. ಈಗಲೂ ಉಂಟು.

ಬ್ಯಾಲೆನ್ಸ್ ಶೀಟ್ ಓದುವಾಗ ನಾವು ಆಸ್ತಿ ಎಷ್ಟು ಅಂತ ಮಾತ್ರ ನೋಡ್ತೇವೆ. ಅದು ಯಾರ ಬೆವರಿಂದ ಬಂತು ಅಂತ ಇನ್ನೊಂದು ಕಾಲಂ ಇರುವುದಿಲ್ಲ. ಇಷ್ಟವಿಲ್ಲದೆ ಬಿಟ್ಟುಕೊಡಬೇಕಾಗಿ ಬಂದ ಸಂಗ್ರಹಕ್ಕೂ, ತಾನಾಗಿ ಬಾಗಿಲು ತೆರೆದ ಸಂಗ್ರಹಕ್ಕೂ ವ್ಯತ್ಯಾಸ ಇರೋದು ಅಲ್ಲಿ.

6/10

ಈಗ ವಾಪಸ್ ನಮ್ಮೂರಿಗೆ. ಕಾರು ಸ್ವಲ್ಪ ಪಕ್ಕಕ್ಕಿಡುವ, ಕೂಡಿಡುವ ವಿಷಯದಲ್ಲಿ ನಮ್ಮ ಎರಡು ಊರುಗಳು ದೊಡ್ಡ ಪಾಠ.

ಒಂದು, ಬಂಟ್ವಾಳ. ಬಿ.ಸಿ.ರೋಡಿನ ಹತ್ತಿರ ಸಂಚಯಗಿರಿಯಲ್ಲಿ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ. ಇತಿಹಾಸದ ಪ್ರಾಧ್ಯಾಪಕರಾಗಿದ್ದ ತುಕಾರಾಮ ಪೂಜಾರಿಯವರು ಕಟ್ಟಿದ್ದು. ಅಲ್ಲಿ ರೋಲ್ಸ್ ರಾಯ್ಸ್ ಇಲ್ಲ. ಕಳಸೆ, ಸೇರು, ನೊಗ, ನೇಗಿಲು, ಕಡೆಯುವ ಕಲ್ಲು, ಮರದ ಪೆಟ್ಟಿಗೆ, ದೀಪ. ನಮ್ಮ ಅಜ್ಜಿಯಂದಿರು "ಇದೆಂತಕ್ಕೆ ಇನ್ನು" ಅಂತ ಗುಜರಿಗೆ ಹಾಕಿದ ಸಾಮಾನುಗಳು. ಮನೆಯಲ್ಲಿ ಬಿದ್ದಿದ್ದಾಗ ಅದು ಹಳೇ ಸಾಮಾನು. ಹೆಸರು, ಉಪಯೋಗ ಬರೆದು ಇಟ್ಟಾಗ ಅದು ತುಳುನಾಡಿನ ಚರಿತ್ರೆ.

ಎರಡು, ಮೂಡುಬಿದಿರೆ. ದಿನಾ ಕಾಲೇಜಿಗೆ ಹೋಗುವ ಊರು, ಆದ್ರೂ ಈ ಕಥೆ ನನಗೆ ಗೊತ್ತಿರಲಿಲ್ಲ. ಜೈನರ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ವ್ಯಾಖ್ಯಾನ ಧವಲಾ. ಅದರ ತಾಳೆಗರಿ ಪ್ರತಿ ಉಳಿದದ್ದು ಮೂಡುಬಿದಿರೆಯಲ್ಲಿ. ಭಾಷೆ ಪ್ರಾಕೃತ, ಲಿಪಿ ಹಳೇ ಕನ್ನಡ. ನೂರಾರು ವರ್ಷ ಅದು ಪೂಜೆಗೆ ಇಟ್ಟ ವಸ್ತು, ದರ್ಶನ ಮಾತ್ರ. ಕಾಪಾಡಿದ್ದು ಆ ಭಕ್ತಿಯೇ, ಅನುಮಾನ ಇಲ್ಲ. ಆದರೆ ಒಳಗೆ ಎಂತ ಬರೆದಿದೆ ಅಂತ ಓದುವವರು ಇರಲಿಲ್ಲ. 19ನೇ ಶತಮಾನದ ಕೊನೆಗೆ ನಕಲು ಮಾಡುವ ಕೆಲಸ ಶುರುವಾಯ್ತು, ವರ್ಷಗಟ್ಟಲೆ ನಡೆಯಿತು. 1939ರಲ್ಲಿ ಮೊದಲ ಸಂಪುಟ ಅಚ್ಚಾಗಿ ಹೊರಬಂತು. ಆಮೇಲೆ ಇಡೀ ದೇಶ ಓದಿತು.

ಗರಿ ಇಲ್ಲೇ ಉಳಿಯಿತು, ವಿಷಯ ಹೊರಗೆ ಹೋಯಿತು. ಕೊಟ್ಟರೂ ಕಡಿಮೆ ಆಗದೆ ಇರುವುದು ಅಂದ್ರೆ ಇದೇ. ಅಜ್ಜನ ಶೆಡ್ಡಿಗೂ ಇದು ಅನ್ವಯ ಆಗ್ತದೆ ಅಂತ ನನಗೆ ಹೊಳೆದದ್ದು ಬಸದಿಯ ಮೆಟ್ಟಿಲಲ್ಲಿ ಕೂತು ಬಸ್ಸಿಗೆ ಕಾಯುವಾಗ.

7/10

ಬಿಕಾಂ ಪೋಸ್ಟ್. ಬೇಡದವರು ಸ್ಕಿಪ್ ಮಾಡಿ (ಮಾಡಬೇಡಿ).

ನಮಗೆ ಕಲಿಸಿದ್ದು ಎಂತ? ಕಾರು ಅಂದ್ರೆ ಸವಕಳಿ ಆಗುವ ಆಸ್ತಿ. ಇಳಿಕೆಯಾಗುವ ಮೌಲ್ಯದ ವಿಧಾನದಲ್ಲಿ ವರ್ಷಕ್ಕೆ ಶೇ. 15 ಕಳೀತಾ ಹೋಗಿ. ಲೆಕ್ಕಕ್ಕೆ 10,000 ರೂಪಾಯಿಯ ಕಾರು ಅಂತ ಇಟ್ಟುಕೊಳ್ಳುವ. 60 ವರ್ಷ ಕಳೆದ ಮೇಲೆ ಪುಸ್ತಕದಲ್ಲಿ ಉಳಿಯುವ ಬೆಲೆ ಎಷ್ಟು ಗೊತ್ತಾ? ಕ್ಯಾಲ್ಕುಲೇಟರ್ ಒತ್ತಿದೆ: 58 ಪೈಸೆ. ಒಂದು ಚಾಕಲೇಟ್ ಕೂಡ ಬರುವುದಿಲ್ಲ.

ಆದ್ರೆ ಮಾರ್ಕೆಟ್ ಬೇರೆಯೇ ಹೇಳ್ತದೆ. ಬಾಂಬೆ ಹೈಕೋರ್ಟಿಗೆ ಹೋದ ಒಂದು ಕೇಸ್ ಓದಿ. ಒಬ್ಬರು 1931ರ ಫೋರ್ಡ್ ಟೂರರ್ ಕಾರನ್ನು 1983ರಲ್ಲಿ 20,000 ರೂಪಾಯಿಗೆ ತಗೊಂಡರು. ಎಂಟೊಂಬತ್ತು ವರ್ಷ ಬಿಟ್ಟು 21 ಲಕ್ಷಕ್ಕೆ ಮಾರಿದರು. ಲಾಭ 20,80,000. ತೆರಿಗೆ ಕಟ್ಟಬೇಕಾ ಬೇಡವಾ ಅಂತ ಜಗಳ. ಸ್ವಂತ ಬಳಕೆಯ ವಸ್ತು ಮಾರಿದ್ರೆ ಅದು ಬಂಡವಾಳ ಆಸ್ತಿ ಅಲ್ಲ, ಹಾಗಾಗಿ ತೆರಿಗೆ ಇಲ್ಲ ಅಂತ ಅವರ ವಾದ. 2025ರಲ್ಲಿ ಕೋರ್ಟು ಒಪ್ಪಲಿಲ್ಲ. ಕಾರು ಅಂದ ಮಾತ್ರಕ್ಕೆ ಆಗುವುದಿಲ್ಲ, ಅದನ್ನು ನಿಜವಾಗಿ ಸ್ವಂತಕ್ಕೆ ಬಳಸಿದ್ದಕ್ಕೆ ಪುರಾವೆ ಎಲ್ಲಿ ಅಂತ ಕೇಳಿತು.

ನೋಡಿದ್ರಾ? ಮ್ಯೂಸಿಯಂನಲ್ಲಿ ಬೆಲೆ ತರುವುದೂ ಪುರಾವೆ, ಕೋರ್ಟಲ್ಲಿ ಕೇಳುವುದೂ ಪುರಾವೆ. ಯಾರು ಓಡಿಸಿದ್ರು, ಎಲ್ಲಿಗೆ ಓಡಿಸಿದ್ರು, ಬಿಲ್ ಎಲ್ಲಿ, ಫೋಟೋ ಎಲ್ಲಿ. ಅದೇ ಜಾತಕ.

58 ಪೈಸೆಗೂ 21 ಲಕ್ಷಕ್ಕೂ ನಡುವೆ ಇರುವುದು ಕಬ್ಬಿಣ ಅಲ್ಲ. ಯಾರೋ ಒಬ್ಬರು ಅದನ್ನು ಬಿಸಾಡದೆ ಇಟ್ಟ ಅಷ್ಟೂ ವರ್ಷ. ಅದಕ್ಕೆ ನಮ್ಮ ಲೆಡ್ಜರಲ್ಲಿ ಹೆಸರಿಲ್ಲ.

8/10

ಮನೆಯಲ್ಲಿ ಹಳೇ ಗಾಡಿ ಇರುವವರಿಗೆ ಉಪಯೋಗದ ಪೋಸ್ಟ್.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೇ ಬೇರೆ ನಿಯಮ ತಂತು. ಮೊದಲ ನೋಂದಣಿ ಆಗಿ 50 ವರ್ಷ ದಾಟಿದ ಎರಡು ಚಕ್ರ, ನಾಲ್ಕು ಚಕ್ರದ ಗಾಡಿ, ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಇಂಜಿನ್ ಎಲ್ಲ ಬದಲಾಯಿಸಿ ಮಾಡರ್ನ್ ಮಾಡಿದ್ರೆ ಆಗುವುದಿಲ್ಲ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ಆಮೇಲೆ ನವೀಕರಣಕ್ಕೆ 5,000. ಈ ನೋಂದಣಿಯ ಹೊಸ ನಂಬರ್ ಪ್ಲೇಟಲ್ಲಿ ರಾಜ್ಯದ ಅಕ್ಷರದ ನಂತರ "ವಿಎ" ಅಂತ ಬರ್ತದೆ. ಮೊದಲೇ ನೋಂದಣಿ ಇದ್ದ ಗಾಡಿಗೆ ಹಳೇ ನಂಬರ್ ಇಟ್ಟುಕೊಳ್ಳಬಹುದು. ಇದು ನನಗೆ ಇಷ್ಟ ಆಯ್ತು, ಯಾಕಂದ್ರೆ ಅಜ್ಜನ ಫಿಯಟ್ ನಂಬರು "ಎಂವೈ" ಅಂತ ಶುರು. 1973ರ ನವೆಂಬರ್ 1ಕ್ಕೆ ಕರ್ನಾಟಕ ಅಂತ ಹೆಸರಾಗುವ ಮೊದಲಿನ ಮೈಸೂರು ರಾಜ್ಯದ ಗುರುತು ಅದು. ಈಗಿನ ನಮ್ಮ ಬಂಟ್ವಾಳದ ಕೆಎ 70ಕ್ಕೂ ಅದಕ್ಕೂ ಮಧ್ಯೆ ಇಡೀ ಒಂದು ಕಾಲ ಹೋಗಿದೆ.

ಷರತ್ತು: ದಿನಾ ಓಡಿಸುವ ಹಾಗಿಲ್ಲ, ಬಾಡಿಗೆಗೆ ಬಿಡುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥದ್ದಕ್ಕೆ ಮಾತ್ರ ರೋಡಿಗೆ. ಮಾರಿದ್ರೆ 90 ದಿನದೊಳಗೆ ಕೊಟ್ಟವರು, ತಗೊಂಡವರು ಇಬ್ಬರೂ ತಿಳಿಸಬೇಕು.

50 ವರ್ಷ ಆಗದ, ಆದ್ರೆ 15 ದಾಟಿದ ಗಾಡಿಯನ್ನು ಓಡಿಸಬೇಕಾದ್ರೆ ಮಾಮೂಲಿ ಹಾಗೆ ಫಿಟ್ನೆಸ್ ತೋರಿಸಿ ಐದೈದು ವರ್ಷಕ್ಕೆ ನವೀಕರಣ. ಅಂದ್ರೆ 15ರಿಂದ 50ರ ನಡುವಿನ ಗಾಡಿಗೇ ಕಷ್ಟಕಾಲ. ಹೊಸದೂ ಅಲ್ಲ, ವಿಂಟೇಜೂ ಅಲ್ಲ. ಹೆಚ್ಚಿನವು ಗುಜರಿಗೆ ಹೋಗೋದು ಈ ಗ್ಯಾಪಲ್ಲೇ. ಅಂಬಾಸಿಡರ್ ತಯಾರಿ ನಿಂತದ್ದು 2014ರಲ್ಲಿ. 2064ಕ್ಕೆ ಎಷ್ಟು ಉಳಿದಿರ್ತವೆ ಹೇಳಿ?

9/10

ಅಜ್ಜನ ಶೆಡ್.

ಗುಜರಿಯವರು ಬಂದು ಏಳಕ್ಕೂ ಸೇರಿಸಿ ಒಂದು ಮೊತ್ತ ಹೇಳಿದ್ರು. ತೂಕದ ರೇಟು. ಗಲ್ಫಲ್ಲಿರುವ ಇನ್ನೊಬ್ಬ ಮಾವ ಫೋನಲ್ಲಿ "ಕೊಟ್ಟುಬಿಡಿ, ಒಂದೇ ದಿನದಲ್ಲಿ ಕ್ಲಿಯರ್" ಅಂದ್ರು. ಅವರದ್ದೂ ತಪ್ಪಲ್ಲ, ಮಳೆಗಾಲ ಹತ್ತಿರ. ಅಜ್ಜ ಎಂತ ಹೇಳಲಿಲ್ಲ. ಸಂಜೆ ನನ್ನ ಹತ್ರ ತುಳುವಲ್ಲಿ ಕೇಳಿದ್ರು, "ಏತ್ ಕೊರ್ಪೆರ್ ಮಗಾ?" ಎಷ್ಟು ಕೊಡ್ತಾರೆ ಅಂತ. ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು "ಒಂದು ಪುಸ್ತಕ ತಾ, ಒಂದೊಂದರದ್ದೂ ಬರಿ" ಅಂದ್ರು.

ಮೂರು ಭಾನುವಾರ ಬರೆದೆವು. 200 ಪೇಜಿನ ನೋಟ್‌ಬುಕ್.

1963ರ ಫಿಯಟ್ 1100: ಮೂಡುಬಿದಿರೆ ಕಡೆಯ ಒಬ್ಬ ಡಾಕ್ಟರದ್ದು. ರಾತ್ರಿ ಹೆರಿಗೆಗೆ ಹೋಗುವಾಗ ಬೇಕಾಗ್ತದೆ ಅಂತ ಡ್ರೈವರ್ ಸೀಟಿನ ಪಕ್ಕ ಟಾರ್ಚ್ ಸಿಕ್ಕಿಸಲಿಕ್ಕೆ ಕ್ಲಿಪ್ ಹಾಕಿಸಿದ್ರು. ಆ ಕ್ಲಿಪ್ ಈಗಲೂ ಉಂಟು (ಫೋಟೋ 3).

1967ರ ಸ್ಟ್ಯಾಂಡರ್ಡ್ ಹೆರಾಲ್ಡ್: ಅಡಿಕೆ ವ್ಯಾಪಾರಿಯದ್ದು. ಇಂಜಿನ್ ಬಿಚ್ಚಿಟ್ಟು ಇಪ್ಪತ್ತು ವರ್ಷ.

1972ರ ಅಂಬಾಸಿಡರ್ ಮಾರ್ಕ್ 2: ಅಜ್ಜನ ಸ್ವಂತ ಬಾಡಿಗೆ ಕಾರು. ಎಷ್ಟು ಮದುಮಗಳಂದಿರು ಕೂತಿದ್ದಾರೆ ಅಂತ ಲೆಕ್ಕ ಇಲ್ಲ. ಎಷ್ಟು ಹೆಣ ಸಾಗಿಸಿದ್ದು ಅಂತ ಲೆಕ್ಕ ಉಂಟು, ಅಜ್ಜ ಅದನ್ನು ಮೆಲ್ಲಗೆ ಹೇಳಿದ್ರು, ಬರೆಯಬೇಡ ಅಂದ್ರು. ಹಾಗಾಗಿ ಬರೆದಿಲ್ಲ.

1984ರ ಅಂಬಾಸಿಡರ್: ಬೀಡಿ ಕಂಟ್ರಾಕ್ಟರದ್ದು. ಡಿಕ್ಕಿಯಲ್ಲಿ ಇವತ್ತಿಗೂ ಹೊಗೆಸೊಪ್ಪಿನ ವಾಸನೆ.

ಮಹೀಂದ್ರ ಜೀಪು: ಚಾರ್ಮಾಡಿ ಘಾಟಿ ಹತ್ತಿದ್ದೆಷ್ಟೋ ಸಲ, ಎಲೆಕ್ಷನ್‌ಗೆ ಮೈಕ್ ಕಟ್ಟಿಕೊಂಡು ತಿರುಗಿದ್ದು ಎಲ್ಲ ಪಾರ್ಟಿಗೂ.

ಲ್ಯಾಂಬ್ರೆಟಾ, ಬಜಾಜ್ ಚೇತಕ್: ಎರಡೂ ಮೇಷ್ಟ್ರುಗಳದ್ದು.

ಬರೆಯುವಾಗ ಒಂದು ವಿಷಯ ಕಂಡಿತು. ಅಜ್ಜ ಕಾರು ಕೂಡಿಟ್ಟದ್ದಲ್ಲ. ರಿಪೇರಿಗೆ ಬಂದು ಬಿಲ್ ಕಟ್ಟಲಿಕ್ಕೆ ಆಗದೆ ಬಿಟ್ಟುಹೋದ ಗಾಡಿಗಳು ಅವು, ಹೆಚ್ಚಿನವು. ಗುಜರಿಗೆ ಹಾಕಿದ್ರೆ ಆವತ್ತೇ ದುಡ್ಡು ಬರ್ತಿತ್ತು. "ಅವರು ಯಾವತ್ತಾದ್ರೂ ಕೇಳಿಕೊಂಡು ಬಂದ್ರೆ?" ಅಂತ ಇಟ್ಟದ್ದು. ಯಾರೂ ಬರಲಿಲ್ಲ.

10/10

ಹಾಗಾದ್ರೆ ಏಳೂ ಎಲ್ಲಿಗೆ ಹೋದವು?

ಬಂದ ಪ್ರತಿಯೊಬ್ಬರಿಗೂ ಅಜ್ಜನದ್ದು ಒಂದೇ ಪ್ರಶ್ನೆ: "ಎಲ್ಲಿ ನಿಲ್ಲಿಸ್ತೀರಿ?" ದುಡ್ಡಿನ ಮಾತು ಆಮೇಲೆ. ನಮ್ಮ ಮಳೆಗೆ ಆರು ತಿಂಗಳು ಹೊರಗೆ ನಿಂತ್ರೆ ಯಾವ ಕಾರೂ ಉಳಿಯುವುದಿಲ್ಲ ಅಂತ ಅವರಿಗೆ ಗೊತ್ತು. ಹೋಟೆಲ್ ಎದುರು ಶೋಗೆ ಇಡ್ತೇವೆ ಅಂದ ಒಬ್ಬರಿಗೆ, ಹೆಚ್ಚು ಕೊಡ್ತೇನೆ ಅಂದ್ರೂ ಕೊಡಲಿಲ್ಲ.

ಫಿಯಟ್ ಮೂಡುಬಿದಿರೆಯ ಕಡೆಗೇ ಹೋಯಿತು, ಹಳೇ ಕಾರು ರಿಪೇರಿ ಮಾಡಿ ಇಟ್ಟುಕೊಳ್ಳುವ ಒಬ್ಬರಿಗೆ. ನೋಟ್‌ಬುಕ್ಕಿನ 11 ಪೇಜು ಜೆರಾಕ್ಸ್ ತಗೊಂಡೇ ಹೋದ್ರು. ಗುಜರಿಯವರು ಏಳಕ್ಕೆ ಹೇಳಿದ ಮೊತ್ತಕ್ಕಿಂತ ಜಾಸ್ತಿ ಈ ಒಂದಕ್ಕೇ ಬಂತು. ಹೆರಾಲ್ಡನ್ನು ಒಂದು ಐಟಿಐಯವರು ಮಕ್ಕಳಿಗೆ ಬಿಚ್ಚಿ ಜೋಡಿಸಲಿಕ್ಕೆ ಅಂತ ಕೊಂಡುಹೋದ್ರು. ಜೀಪು ತೋಟಕ್ಕೆ. ಲ್ಯಾಂಬ್ರೆಟಾ ಮಂಗಳೂರಿಗೆ. 1984ರ ಅಂಬಾಸಿಡರ್ ಪಾರ್ಟ್ಸ್ ಆಯ್ತು, ಅಜ್ಜನೇ ನಿಂತು ಬಿಚ್ಚಿಸಿದ್ರು. ಚೇತಕ್ ನನಗೆ.

ಉಳಿದದ್ದು 1972ರ ಅಂಬಾಸಿಡರ್. ಅದಕ್ಕೆ ಒಳ್ಳೆ ರೇಟು ಕೇಳಿದವರು ಇದ್ರು. ಅಜ್ಜ ಅದನ್ನು ತಮ್ಮ ಹತ್ರ ಹದಿನೈದು ವರ್ಷದವನಿರುವಾಗ ಕೆಲಸ ಕಲಿಯಲಿಕ್ಕೆ ಬಂದ, ಈಗ ಗುರುವಾಯನಕೆರೆ ಕಡೆ ಸ್ವಂತ ಗ್ಯಾರೇಜ್ ಇರುವವರಿಗೆ ಕೊಟ್ರು. ದುಡ್ಡು ತಗೊಳ್ಳಲಿಲ್ಲ. ಆ ಕಾರಿನ ಸಾಲದ ಕೊನೆಯ ಕಂತು ಕಟ್ಟಿದ ದಿನ ಅಮ್ಮನಿಗೆ ಆರು ವರ್ಷ ಅಂತೆ. ಅಮ್ಮ ಒಳಗೆ ಹೋಗಿ ಪಾತ್ರೆ ತೊಳೀತಾ ನಿಂತ್ರು.

ಕೀ ಕೊಡುವುದು ಒಂದು ಸೆಕೆಂಡಿನ ಕೆಲಸ. ಅಜ್ಜ ಹೇಳಿದ್ದು 47 ನಿಮಿಷ, ನನ್ನ ಫೋನಲ್ಲಿ ರೆಕಾರ್ಡ್ ಉಂಟು. ಎರಡನೇ ಗೇರ್ ಅರ್ಧದಲ್ಲಿ ನಿಲ್ತದೆ, ಒತ್ತಬಾರದು, ಬಿಟ್ಟು ಹಾಕಬೇಕು. ಎಡಬದಿಯ ಹಿಂದಿನ ಬಾಗಿಲು ಮಳೆಯಲ್ಲಿ ಉಬ್ಬುತ್ತದೆ. ಏರು ಹತ್ತಿಸಿ ನಿಲ್ಲಿಸಿದ್ರೆ ಪೆಟ್ರೋಲ್ ಮುಳ್ಳು ಸುಳ್ಳು ಹೇಳ್ತದೆ. ಆ ಮೆಕ್ಯಾನಿಕ್‌ಗೆ ಇದೆಲ್ಲ ಗೊತ್ತಿಲ್ಲದ್ದಲ್ಲ. ಆದ್ರೂ ಕೈಕಟ್ಟಿ ನಿಂತು ಪೂರ್ತಿ ಕೇಳಿದ್ರು.

ನಿಮ್ಮ ಮನೆಯಲ್ಲೂ ಒಂದು ಹಳೇ ಗಾಡಿ, ಹೊಲಿಗೆ ಮಿಷನ್, ರೇಡಿಯೋ, ಎಂತಾದ್ರೂ ಇದ್ದೇ ಇರ್ತದೆ. ಕೊಡಿ, ಮಾರಿ, ನಿಮ್ಮಿಷ್ಟ. ಕೊಡುವ ಮೊದಲು ಐದು ವಿಷಯ ಬರೆದಿಡಿ: ಯಾರಿಂದ ಬಂತು, ಯಾವ ವರ್ಷ, ಎಂತ ಕೆಲಸಕ್ಕೆ ಬಳಸಿದ್ರು, ಎಲ್ಲಿ ಹಾಳಾಗಿ ಯಾರು ಸರಿ ಮಾಡಿದ್ರು, ಅದನ್ನು ಬಳಸಿದವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟು. ಕೇಳಬೇಕಾದವರು ಮನೆಯಲ್ಲಿ ಇರುವಾಗಲೇ ಕೇಳಿ. ರೆಕಾರ್ಡ್ ಮಾಡಿಕೊಳ್ಳಿ, ಎಷ್ಟು ಹೊತ್ತಾದ್ರೂ ಮಧ್ಯದಲ್ಲಿ ಬಾಯಿ ಹಾಕಬೇಡಿ.

ನಿಮ್ಮ ಮನೆಯ ಗಾಡಿ ಯಾವುದು? ವರ್ಷ ಸಮೇತ ಕಮೆಂಟಲ್ಲಿ ಬರೀರಿ. ಚೇತಕ್ ಕಿಕ್ ಹೊಡೆಯಲಿಕ್ಕೆ ಗೊತ್ತಿರುವ ಅಂಕಲ್‌ಗಳು ಯಾರಾದ್ರೂ ಇದ್ರೆ ಮೆಸೇಜ್ ಮಾಡಿ, ಅರ್ಜೆಂಟ್ ಉಂಟು.

#ಅಜ್ಜನಶೆಡ್ #ಹಳೇಕಾರು #ಬಂಟ್ವಾಳ #ಬೆಳ್ತಂಗಡಿ #ಮೂಡುಬಿದಿರೆ #ಗಾಡಿಯಜಾತಕ